ಎಂಜಿಬಿ ಜಿಟಿಗೆ ರೋವರ್ ವಿ8: ಎಂಜಿನ್‌ಗಿಂತ ಮೊದಲು ಆಕ್ಸಲ್ ನೋಡಿ

ನನ್ನ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿ ಜಿಟಿಗೆ ರೋವರ್ ಕಂಪನಿಯ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ಹಾಕಿಸಿದೆ. ಅಂಕ ಮೊದಲೇ ಕೊಟ್ಟುಬಿಡುತ್ತೇನೆ. ಎಂಜಿನ್‌ಗೆ ಐದರಲ್ಲಿ ನಾಲ್ಕು. ಅದರ ಜೊತೆ ಹಾಕಿಸಿದ 3.07 ಅನುಪಾತದ ಹಿಂದಿನ ಆಕ್ಸಲ್‌ಗೆ (ಹಿಂದಿನ ಚಕ್ರಗಳನ್ನು ತಿರುಗಿಸುವ ಅಚ್ಚು; ಅನುಪಾತದ ಲೆಕ್ಕ ಮುಂದೆ ಹೇಳುತ್ತೇನೆ) ಐದಕ್ಕೆ ಐದು. ಕೆಲಸ ಮಾಡಿಕೊಟ್ಟ ಗ್ಯಾರೇಜಿಗೆ ಎರಡೂವರೆ. ಆ ಅರ್ಧ ಅಂಕವೂ ಅವರ ವೆಲ್ಡಿಂಗ್ ಚೊಕ್ಕವಾಗಿತ್ತು ಅನ್ನೋ ಕಾರಣಕ್ಕೆ.

ನನ್ನದು 1978ರ ಎಂಜಿಬಿ ಜಿಟಿ. ಕಪ್ಪು ರಬ್ಬರ್ ಬಂಪರ್ ಇರುವ, ಕ್ರೋಮ್ ಬಂಪರ್ ಪ್ರಿಯರು ಮೂಗು ಮುರಿಯುವ ಮಾಡೆಲ್. ಅದರಲ್ಲಿದ್ದ 1798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ಇಳಿಸಿ, ರೇಂಜ್ ರೋವರ್‌ನಿಂದ ತೆಗೆದ 3.9 ಲೀಟರ್ ವಿ8 ಕೂರಿಸಿದ್ದಾಗಿದೆ. ಜೊತೆಗೆ ರೋವರ್ ಎಸ್‌ಡಿ1 ಕಾರಿನಲ್ಲಿ ಬರುತ್ತಿದ್ದ ಎಲ್‌ಟಿ77 ಐದು ಗೇರಿನ ಬಾಕ್ಸ್. ಬೇಸಿಗೆ, ಮಳೆ, ಟ್ರಾಫಿಕ್, ಘಾಟಿ, ಹೆದ್ದಾರಿ ಎಲ್ಲದರಲ್ಲೂ ಓಡಿಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ.

ಹಳೇ ಎಂಜಿನ್ ಕೆಟ್ಟದ್ದೇನಲ್ಲ. 1962ರಲ್ಲಿ ಎಂಜಿಬಿ ಬಂದಾಗ ಅದಕ್ಕೆ 95 ಬಿಎಚ್‌ಪಿ (ಅಶ್ವಶಕ್ತಿ) ಇತ್ತು. ಆ ಕಾಲಕ್ಕೆ ಅದು ಒಳ್ಳೆಯ ಲೆಕ್ಕವೇ. ಗಟ್ಟಿ ಎಂಜಿನ್, ರಿಪೇರಿ ಸುಲಭ, ಬಿಡಿಭಾಗ ಈಗಲೂ ಸಿಗುತ್ತದೆ. ತೊಂದರೆ ಏನೆಂದರೆ ಓವರ್‌ಡ್ರೈವ್ (ಅದೇ ವೇಗಕ್ಕೆ ಎಂಜಿನ್ ಕಡಿಮೆ ಸುತ್ತುವಂತೆ ಮಾಡುವ ಹೆಚ್ಚುವರಿ ಗೇರ್) ಇಲ್ಲದೆ ನಾಲ್ಕನೇ ಗೇರ್‌ನಲ್ಲಿ ಗಂಟೆಗೆ 100 ಕಿಲೋಮೀಟರ್ ಹೋದರೆ ಎಂಜಿನ್ ನಿಮಿಷಕ್ಕೆ 3,400 ಸುತ್ತಿನ ಆಸುಪಾಸು ತಿರುಗುತ್ತಿರುತ್ತದೆ. ಮುಂದೆ ಲಾರಿ ಸಿಕ್ಕಿತು, ಏರು ಬಂತು ಎಂದರೆ ಮೂರಕ್ಕೆ ಇಳಿಸಿ ಕಿರುಚಿಸಬೇಕು. ಅರ್ಧ ದಿನದ ಪ್ರಯಾಣ ಮುಗಿಸಿ ಇಳಿದರೆ ಕಿವಿಯಲ್ಲಿ ಗುಂಯ್ ಅನ್ನುತ್ತಿರುತ್ತದೆ. ನನಗೆ ವೇಗ ಬೇಕಿರಲಿಲ್ಲ, ನಿರಾಳವಾಗಿ ಹೋಗುವ ಕಾರು ಬೇಕಿತ್ತು. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ. ರೇಸಿಗೆ ಅಂತ ಮಾಡಿಸುವವರ ಅಳತೆಗೋಲೇ ಬೇರೆ.

ವಿ8 ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ: ಅಷ್ಟು ದೊಡ್ಡ ಎಂಜಿನ್ ಇಟ್ಟರೆ ಮೂತಿ ಭಾರ ಆಗಲ್ವಾ? ಇಲ್ಲ. ಈ ಎಂಜಿನ್ನಿನ ನಿಜವಾದ ಗುಣ ಇರುವುದು ಅಲ್ಲೇ. ಬ್ಲಾಕೂ ಅಲ್ಯುಮಿನಿಯಂ, ಹೆಡ್ಡೂ ಅಲ್ಯುಮಿನಿಯಂ. ಮೂಲದಲ್ಲಿ ಇದು ಅಮೆರಿಕದ ಬ್ಯೂಕ್ ಕಂಪನಿ 1961ರಲ್ಲಿ ತಂದ 215 ಕ್ಯುಬಿಕ್ ಇಂಚಿನ ಎಂಜಿನ್. ತೂಕ ಬರೀ 144 ಕಿಲೋ. ಅಲ್ಲಿ 1963ಕ್ಕೇ ಅದನ್ನು ಕೈಬಿಟ್ಟರು. ಅಲ್ಯುಮಿನಿಯಂ ಎರಕ ದುಬಾರಿ, ಬೀಡಿನ (ಎರಕದ ಕಬ್ಬಿಣದ) ಎಂಜಿನ್ ಅಗ್ಗ. ರೋವರ್ ಕಂಪನಿ 1965ರಲ್ಲಿ ಹಕ್ಕು ಕೊಂಡಿತು. ಅಲ್ಲಿಂದ ಮುಂದೆ ಪಿ5ಬಿ, ಪಿ6, ರೇಂಜ್ ರೋವರ್, ಮಾರ್ಗನ್, ಟಿವಿಆರ್, ಹೀಗೆ ಕಂಡಕಂಡ ಗಾಡಿಗೆಲ್ಲ ಇದೇ ಎಂಜಿನ್. ಎಂಜಿಬಿಯ ಬೀಡಿನ ನಾಲ್ಕು ಸಿಲಿಂಡರ್ ಎಂಜಿನ್ ಪಕ್ಕ ಇಟ್ಟು ತೂಗಿದರೆ ವಿ8 ಹೆಚ್ಚೇನೂ ತೂಗುವುದಿಲ್ಲ. ಮೇಲಿನ ಸಾಮಾನು ಯಾವುದೆಲ್ಲ ಸೇರಿಸಿದ್ದೀರಿ ಅನ್ನುವುದರ ಮೇಲೆ ಸ್ವಲ್ಪ ಕಡಿಮೆಯೂ ಬರಬಹುದು.

ಇದಕ್ಕೆ ಎದುರಿನ ಉದಾಹರಣೆ ಎಂಜಿ ಕಂಪನಿಯ ಮನೆಯಲ್ಲೇ ಇದೆ. 1967ರಲ್ಲಿ ಅವರು ಇದೇ ಬಾಡಿಗೆ 2912 ಸಿಸಿಯ ಆರು ಸಿಲಿಂಡರ್ ಬೀಡಿನ ಎಂಜಿನ್ ತುರುಕಿ ಎಂಜಿಸಿ ಅಂತ ಮಾರಿದರು. 145 ಬಿಎಚ್‌ಪಿ, ಆದರೆ ಮೂತಿಯ ಮೇಲೆ ಸುಮಾರು 90 ಕಿಲೋ ಹೆಚ್ಚು ಭಾರ. ತಿರುವಿನಲ್ಲಿ ಅದು ನೆಟ್ಟಗೆ ಹೋಗಲು ನೋಡುತ್ತದೆ ಅಂತ ಆಗಿನ ಪತ್ರಿಕೆಗಳವರೆಲ್ಲ ಬೈದರು. 1969ಕ್ಕೆ ಅಂಗಡಿ ಮುಚ್ಚಿತು. ಆಮೇಲೆ ಕೆನ್ ಕಾಸ್ಟೆಲ್ಲೊ ಎಂಬಾತ ತನ್ನ ಪುಟ್ಟ ವರ್ಕ್‌ಶಾಪಿನಲ್ಲಿ ಎಂಜಿಬಿಗೆ ರೋವರ್ ವಿ8 ಕೂರಿಸಿ ಮಾರತೊಡಗಿದ. ಅದನ್ನು ನೋಡಿ ಕಂಪನಿಯೇ 1973ರಲ್ಲಿ ಎಂಜಿಬಿ ಜಿಟಿ ವಿ8 ಬಿಟ್ಟಿತು. 3528 ಸಿಸಿ, 137 ಬಿಎಚ್‌ಪಿ. 1976ರವರೆಗೆ ತಯಾರಾಗಿದ್ದು 2,591 ಕಾರು ಮಾತ್ರ. ಅಂದರೆ ನಾನು ಮಾಡಿಸಿದ್ದು ಹುಚ್ಚು ಪ್ರಯೋಗ ಏನಲ್ಲ. ಕಾರ್ಖಾನೆಯೇ ಒಪ್ಪಿದ ಜೋಡಿ.

ರಬ್ಬರ್ ಬಂಪರ್ ಕಾರಿಗೆ ಇಲ್ಲೊಂದು ಲಾಭ ಇದೆ. ವಿ8 ಕೂರಲಿ ಅಂತ ಬಾನೆಟ್ ಒಳಗಿನ ತಗಡಿಗೆ ಮಾಡಿದ ಬದಲಾವಣೆ ನಾಲ್ಕು ಸಿಲಿಂಡರಿನ ರಬ್ಬರ್ ಬಂಪರ್ ಕಾರುಗಳಿಗೂ ಬಂತು. 1976ರ ನಂತರದ ಕಾರುಗಳಲ್ಲಿ ರೇಡಿಯೇಟರ್ ಕೂಡ ಮುಂದಕ್ಕೆ ಹೋಗಿದೆ. ಕ್ರೋಮ್ ಬಂಪರ್ ಕಾರಿನಲ್ಲಿ ತಗಡು ಕತ್ತರಿಸಿ, ಸ್ಟೀರಿಂಗ್ ಶಾಫ್ಟ್ ಬದಲಾಯಿಸಿ ಒದ್ದಾಡಬೇಕು. ಚೆಂದ ಇಲ್ಲ ಅಂತ ಜನ ಕಡೆಗಣಿಸುವ ಕಾರೇ ಈ ಕೆಲಸಕ್ಕೆ ಸಲೀಸು. ಅಂದದ ಕ್ರೋಮ್ ಬಂಪರ್ ಕಾರಿಗೆ ಗರಗಸ ಹಾಕುವುದು ನನಗಂತೂ ಇಷ್ಟವಿಲ್ಲ. ಆ ದೃಷ್ಟಿಯಿಂದಲೂ ಇದೇ ಸರಿ.

ಈಗ ಎಂಜಿನ್ ಆರಿಸುವ ವಿಚಾರ. ಇದರಲ್ಲಿ 3.5, 3.9, 4.0, 4.6 ಲೀಟರ್ ಅಂತ ಹಲವು ಇವೆ. ಹೊರಗಿನಿಂದ ನೋಡಿದರೆ ಹೆಚ್ಚು ಕಡಿಮೆ ಒಂದೇ ಥರ. 3.5ರ ಬೋರ್ (ಸಿಲಿಂಡರಿನ ಒಳವ್ಯಾಸ) 88.9 ಮಿಲಿಮೀಟರ್, 3.9ರದ್ದು 94. ಬೋರ್ ಹಿಗ್ಗಿಸಿದಷ್ಟೂ ಲೈನರ್ (ಸಿಲಿಂಡರ್ ಒಳಗೆ ಕೂರಿಸಿದ ಲೋಹದ ಕೊಳವೆ) ಹಿಂದಿನ ಅಲ್ಯುಮಿನಿಯಂ ತೆಳುವಾಗುತ್ತದೆ. ಒಮ್ಮೆ ಚೆನ್ನಾಗಿ ಕಾದ ಎಂಜಿನ್‌ನಲ್ಲಿ ಲೈನರ್ ಹಿಂದೆ ಬಿರುಕು ಬಿಟ್ಟು ಕೂಲೆಂಟ್ ಒಳಗೆ ನುಗ್ಗುವುದು ಈ ಕುಟುಂಬದ ಹೆಸರಾಂತ ಕಾಯಿಲೆ. 4.0 ಮತ್ತು 4.6ರಲ್ಲಿ ಜಾಸ್ತಿ. ಹಾಗಾಗಿ ಹಳೇ ಎಂಜಿನ್ ಕೊಳ್ಳುವವರು ಬ್ಲಾಕಿನ ಪ್ರೆಷರ್ ಟೆಸ್ಟ್ (ಒತ್ತಡ ಕೊಟ್ಟು ಸೋರಿಕೆ ಹುಡುಕುವ ಪರೀಕ್ಷೆ) ಮಾಡಿಸದೆ ದುಡ್ಡು ಎಣಿಸಬೇಡಿ. ಯಾರೋ ಸ್ಟಾರ್ಟ್ ಮಾಡಿ ತೋರಿಸಿದರು, ಶಬ್ದ ಚೆನ್ನಾಗಿತ್ತು ಅನ್ನುವುದು ಸಾಲದು. ನೆಮ್ಮದಿ ಮುಖ್ಯ ಅಂದರೆ 3.5 ತಗೊಳ್ಳಿ. ಅದು ಬೇಕಾದಷ್ಟಾಯಿತು. ಟಾರ್ಕ್ (ಎಂಜಿನ್ನಿನ ಎಳೆಯುವ ಬಲ) ಹೆಚ್ಚು ಅನ್ನುವ ಆಸೆಗೆ ನಾನು 3.9 ತಗೊಂಡೆ. ಇದೇ 3.9 ಎಂಜಿನ್ 1993ರ ಎಂಜಿ ಆರ್‌ವಿ8 ಕಾರಿನಲ್ಲಿ 190 ಬಿಎಚ್‌ಪಿ ಕೊಡುತ್ತಿತ್ತು. ಹಳೇ ನಾಲ್ಕು ಸಿಲಿಂಡರಿನ ಎರಡರಷ್ಟು.

ಇನ್ನು ಆ ಐದಕ್ಕೆ ಐದು ಅಂಕದ ಆಕ್ಸಲ್.

ಎಂಜಿಬಿಯ ಹಿಂದಿನ ಆಕ್ಸಲ್‌ನ ಅನುಪಾತ 3.909. ಚಕ್ರ ಒಂದು ಸುತ್ತು ತಿರುಗಬೇಕಾದರೆ ಗೇರ್ ಬಾಕ್ಸಿನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಸುಮಾರು ನಾಲ್ಕು ಸುತ್ತು ತಿರುಗಬೇಕು. ಕಡಿಮೆ ಟಾರ್ಕ್ ಇರುವ ಎಂಜಿನ್‌ಗೆ ಇದು ಬೇಕೇ ಬೇಕು. ವಿ8ಗೆ ಬೇಕಿಲ್ಲ. ಆದರೆ ಬಹಳ ಜನ ಎಂಜಿನ್ ಬದಲಾಯಿಸಿ, ಹಣ ಮುಗಿದು, ಆಕ್ಸಲ್ ಹಾಗೇ ಬಿಡುತ್ತಾರೆ. ಅಂಥದ್ದೊಂದು ಕಾರನ್ನು ಓಡಿಸಿ ನೋಡಿದ್ದೆ. ಒಂದನೇ ಗೇರ್ ಹಾಕಿದ್ದೇ ತಡ ಮುಗಿಯಿತು. ಎರಡೂ ಅಷ್ಟೇ. ನಾಲ್ಕನೇ ಗೇರ್‌ಗೆ ಬಂದ ಮೇಲೆ ಮತ್ತೆ ಅದೇ ಹಳೇ ಕೂಗಾಟ, ಈಗ ಎಂಟು ಸಿಲಿಂಡರ್‌ನಲ್ಲಿ. ಪೆಟ್ರೋಲ್ ಮಾತ್ರ ಧಾರಾಳವಾಗಿ ಕುಡಿಯುತ್ತದೆ. ಫ್ಯಾಕ್ಟರಿ ವಿ8 ಕಾರಿನಲ್ಲಿ ಅದಕ್ಕೇ 3.07 ಕ್ರೌನ್ ಪಿನಿಯನ್ (ಆಕ್ಸಲ್ ಒಳಗಿನ ಗೇರ್ ಜೋಡಿ) ಹಾಕಿದ್ದರು. ನಾನೂ ಅದನ್ನೇ ಹುಡುಕಿ ಹಾಕಿಸಿದೆ. ಈಗ ಐದನೇ ಗೇರ್‌ನಲ್ಲಿ 100ರ ವೇಗಕ್ಕೆ ಎಂಜಿನ್ 2,100–2,200ರಲ್ಲಿ ತೂಕಡಿಸುತ್ತಿರುತ್ತದೆ. ಇಡೀ ಕಾರಿನ ಸ್ವಭಾವ ಬದಲಾಗಿದ್ದು ಇದರಿಂದ. ಎಂಜಿನ್ ಮಾತ್ರ ಹಾಕಿಸಿ ಇದನ್ನು ಬಿಟ್ಟಿದ್ದರೆ ಈ ವಿಮರ್ಶೆಯಲ್ಲಿ ಎರಡೇ ಅಂಕ ಕೊಡುತ್ತಿದ್ದೆ.

ಓಡಿಸುವುದಕ್ಕೆ ಹೇಗಿದೆ? ಪಿಕಪ್ ಅಂತ ನಾವು ಕರೆಯುವ ಆ ಧಡಕ್ಕನೆ ನುಗ್ಗುವ ಗುಣ ಇದರಲ್ಲಿ ಅಷ್ಟಿಲ್ಲ. ಹಿಂದಿನಿಂದ ಆನೆ ಮೆಲ್ಲಗೆ ತಳ್ಳಿದ ಹಾಗೆ, ಅವಸರವಿಲ್ಲ, ನಿಲ್ಲುವುದೂ ಇಲ್ಲ. 1,500ರಿಂದಲೇ ಎಳೆತ ಶುರು. ನಾಲ್ಕನೇ ಗೇರ್‌ನಲ್ಲಿ 50ಕ್ಕೆ ಇಳಿದು ಮತ್ತೆ ಒತ್ತಿದರೆ ಗೊಣಗದೆ ಏರುತ್ತದೆ. ಘಾಟಿಯಲ್ಲಿ ಗೇರ್ ಬದಲಾಯಿಸುವುದು ಅರ್ಧಕ್ಕರ್ಧ ಕಡಿಮೆಯಾಗಿದೆ. ಓವರ್‌ಟೇಕ್ ಮಾಡುವಾಗ ಲೆಕ್ಕ ಹಾಕಿ, ಉಸಿರು ಬಿಗಿಹಿಡಿದು ಕಾಯುವುದು ತಪ್ಪಿದೆ. ಶಬ್ದ ಹೇಗೆ ಬರೆಯಲಿ! ನಿಂತಲ್ಲಿ ಒಂದು ಮೆತ್ತಗಿನ ಗುಡುಗುಡು. 3,000 ದಾಟಿದರೆ ಸೈಲೆನ್ಸರ್‌ನಿಂದ ಗಟ್ಟಿಯಾದ ಗರ್ಜನೆ. ಅದಕ್ಕಿಂತ ಮೇಲೆ ಹೋಗುವ ಅಗತ್ಯ ನನಗೆ ಬೀಳುವುದೇ ಅಪರೂಪ.

ಕ್ಲಚ್ ಮಾತ್ರ ಭಾರ. ಟ್ರಾಫಿಕ್‌ನಲ್ಲಿ ಎಡಗಾಲು ಮಾತಾಡುತ್ತದೆ. ಎಲ್‌ಟಿ77 ಗೇರ್ ಬಾಕ್ಸ್ ತಣ್ಣಗಿರುವಾಗ ಎರಡನೇ ಗೇರ್ ಬೀಳಲು ಸ್ವಲ್ಪ ಹಟ ಮಾಡುತ್ತದೆ, ಬಿಸಿಯಾದ ಮೇಲೆ ಸರಿ. ಈ ಬಾಕ್ಸ್ ಕೂರಬೇಕಾದರೆ ಸೀಟುಗಳ ಮಧ್ಯದ ಟನಲ್‌ನ ತಗಡನ್ನು ಬಡಿದು, ಕತ್ತರಿಸಿ ಹಿಗ್ಗಿಸಬೇಕು ಅನ್ನುವುದು ಗೊತ್ತಿರಲಿ. ಹಳೇ ಎಂಜಿಬಿ ಗೇರ್ ಬಾಕ್ಸನ್ನೇ ಇಟ್ಟುಕೊಳ್ಳಬಹುದಾ ಅಂತ ಕೇಳುವವರಿಗೆ ಒಂದು ಮಾತು. ಫ್ಯಾಕ್ಟರಿಯವರು ವಿ8 ಕಾರಿನಲ್ಲಿ ಮೂರನೇ ಗೇರ್‌ನ ಓವರ್‌ಡ್ರೈವ್ ತೆಗೆದು, ನಾಲ್ಕರಲ್ಲಿ ಮಾತ್ರ ಉಳಿಸಿದ್ದರು. 3.5ರ ಟಾರ್ಕಿಗೇ ಹಾಗೆ ಮಾಡಬೇಕಾಯಿತು ಅಂದರೆ 3.9ರ ಗತಿ ನೀವೇ ಯೋಚಿಸಿ.

ಈಗ ಗ್ಯಾರೇಜಿನ ಎರಡೂವರೆ ಅಂಕದ ಕಥೆ. ಹೆಸರು ಹೇಳುವುದಿಲ್ಲ, ಬೇಡ.

ಈ ಪರಿವರ್ತನೆಯ ದೊಡ್ಡ ಶತ್ರು ಬಿಸಿ. ಇಷ್ಟು ದೊಡ್ಡ ಎಂಜಿನ್ ಇಷ್ಟು ಕಿಷ್ಕಿಂಧೆಯಂಥ ಜಾಗದಲ್ಲಿ ಕೂತಾಗ ಗಾಳಿ ಆಡುವುದಿಲ್ಲ. ಅವರು ಹಾಕಿಕೊಟ್ಟಿದ್ದು ಬ್ಲಾಕಿಗೆ ಅಂಟಿಕೊಂಡೇ ಕೆಳಗಿಳಿಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಬಿಸಿ ಹೊಗೆ ಹೊರಗೊಯ್ಯುವ ಪೈಪು). ಕೂರಿಸುವುದು ಸುಲಭ, ತಗಡು ಕತ್ತರಿಸುವ ಕೆಲಸವಿಲ್ಲ. ಅದರ ಫಲ ಏನಾಯಿತು ಅಂದರೆ, ಕೆಂಪಗೆ ಕಾದ ಎರಡು ಪೈಪು ಬಾನೆಟ್ ಒಳಗೇ ಕೂತು ಎಲ್ಲವನ್ನೂ ಬೇಯಿಸಿದವು. ಪೆಟ್ರೋಲ್ ಬಂಕಿನಲ್ಲಿ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಸೆಲ್ಫ್ ಮೋಟಾರ್ ಅರ್ಧ ಸುತ್ತು ತಿರುಗಿ ಸುಸ್ತು. ಪೈಪಿನ ಪಕ್ಕದಲ್ಲೇ ಇರುವ ಅದಕ್ಕೆ ಬಿಸಿ ಏರಿ ಶಕ್ತಿ ಉಡುಗುತ್ತಿತ್ತು. ಅದು ತಿರುಗಿದರೂ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಕುದಿದು ಆವಿಯಾಗಿ ಎಂಜಿನ್ ಹಿಡಿಯುತ್ತಿರಲಿಲ್ಲ. ಗ್ಯಾರೇಜಿಗೆ ತಗೊಂಡು ಹೋದರೆ "ವಿ8 ಅಂದ್ರೆ ಹಂಗೇ ಸರ್, ಬಿಸಿ ಇದ್ದಿದ್ದೇ" ಅನ್ನುವ ಉತ್ತರ. ಮೂರನೇ ಸಲವೂ ಅದೇ ಉತ್ತರ ಬಂದಾಗ ಬೇರೆ ಮೆಕ್ಯಾನಿಕ್ ಹುಡುಕಿದೆ.

ಹಂಗೇನಿಲ್ಲ. ಆರ್‌ವಿ8 ಕಾರು ಮಾಡುವಾಗ ಕಂಪನಿಯವರು ಇದಕ್ಕೆ ದಾರಿ ಕಂಡುಕೊಂಡಿದ್ದರು. ಎಕ್ಸಾಸ್ಟ್ ಪೈಪುಗಳನ್ನು ಬಾನೆಟ್ ಒಳಗೆ ಇಳಿಸದೆ, ಒಳಮಡ್‌ಗಾರ್ಡ್‌ನ ತಗಡಿನಲ್ಲಿ ತೂತು ಮಾಡಿ ಚಕ್ರದ ಕಡೆಗೆ ಹೊರಹಾಕುವುದು. ಬಿಸಿ ಅಲ್ಲೇ ಹೊರಗೆ ಹೋಗುತ್ತದೆ. ಹೊಸ ಮೆಕ್ಯಾನಿಕ್ ಆ ಥರದ ಮ್ಯಾನಿಫೋಲ್ಡ್ ಹಾಕಿ, ಸೆಲ್ಫ್ ಮೋಟಾರ್‌ಗೆ ಒಂದು ತಗಡಿನ ಮರೆ ಕಟ್ಟಿ, ಕಾರ್ಬುರೇಟರ್ ಕೆಳಗೆ ಬಿಸಿ ತಡೆಯುವ ಸ್ಪೇಸರ್ ಇಟ್ಟ. ಅಲ್ಲೂ ಒಂದು ತಮಾಷೆ. ಸ್ಪೇಸರ್ ದಪ್ಪ ಆದರೆ ಕಾರ್ಬುರೇಟರ್ ಮೇಲೇರುತ್ತದೆ, ಏರ್ ಫಿಲ್ಟರ್ ಬಾನೆಟ್‌ಗೆ ತಾಗುತ್ತದೆ. ಈ ಕಾರಿನಲ್ಲಿ ಎತ್ತರದ ಲೆಕ್ಕ ಅಷ್ಟು ಬಿಗಿ. ಫ್ಯಾಕ್ಟರಿಯವರು ಬಾನೆಟ್ ಉಬ್ಬಿಸಬಾರದು ಅಂತ ಎರಡು ಎಸ್‌ಯು ಕಂಪನಿಯ ಕಾರ್ಬುರೇಟರ್‌ಗಳನ್ನು ಎಂಜಿನ್ನಿನ ಹಿಂತುದಿಗೆ ತಳ್ಳಿದ್ದರು. ಕಾಸ್ಟೆಲ್ಲೊ ಕಾರಿನಲ್ಲಿ ಬಾನೆಟ್‌ಗೇ ಉಬ್ಬು. ನನ್ನದರಲ್ಲಿ ತೆಳು ಸ್ಪೇಸರ್, ಚಪ್ಪಟೆ ಫಿಲ್ಟರ್, ಮೇಲೆ ಒಂದು ಬೆರಳು ಜಾಗ. ಬಾನೆಟ್ ಚಪ್ಪಟೆಯಾಗೇ ಉಳಿದಿದೆ. ಹೊರಗಿನಿಂದ ನೋಡಿದವರಿಗೆ ಇದು ವಿ8 ಅಂತ ಗೊತ್ತಾಗಲ್ಲ, ನನಗೆ ಅದೇ ಇಷ್ಟ.

ರೇಡಿಯೇಟರ್ ಮುಂದೆ ಎರಡು ಎಲೆಕ್ಟ್ರಿಕ್ ಫ್ಯಾನ್ ಇವೆ, ಫ್ಯಾಕ್ಟರಿ ವಿ8ನಲ್ಲಿ ಇದ್ದ ಹಾಗೇ. ಇದರಲ್ಲಿ ಉಳಿತಾಯ ನೋಡಬೇಡಿ. ಕೂಲೆಂಟ್ ವಿಷಯದಲ್ಲೂ ಅಷ್ಟೇ. ಬರೀ ನೀರು ಹಾಕಿ ಓಡಿಸುವ ಅಭ್ಯಾಸ ಇದ್ದರೆ ಈ ಎಂಜಿನ್ ನಿಮಗಲ್ಲ. ತುಕ್ಕು ತಡೆಯುವ ಅಂಶ ಇರುವ ಕೂಲೆಂಟ್ ಇಲ್ಲದಿದ್ದರೆ ಅಲ್ಯುಮಿನಿಯಂ ಒಳಗಿಂದೊಳಗೇ ಸವೆದು, ಪುಡಿ ಕಟ್ಟಿ ರೇಡಿಯೇಟರ್ ಮುಚ್ಚಿಹೋಗುತ್ತದೆ.

ಆಯಿಲ್ ಪ್ರೆಷರ್ ಮೀಟರ್ ನೋಡಿ ಹೆದರಬೇಡಿ. ಹಳೇ ಎಂಜಿನ್‌ನಲ್ಲಿ ಮುಳ್ಳು 60ರ ಹತ್ತಿರ ನಿಂತು ರೂಢಿ. ಇದರಲ್ಲಿ ಬಿಸಿಯಾದ ಮೇಲೆ 2,400ರಲ್ಲಿ 30ರಿಂದ 40 ಪಿಎಸ್‌ಐ ಬಂದರೆ ಸಂತೋಷಪಡಬೇಕು. ಈ ಎಂಜಿನ್ ಇರುವುದೇ ಹಾಗೆ. ನಿಜವಾಗಿ ಹೆದರಬೇಕಾದ್ದು ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಶಾಫ್ಟಿಗೆ. ಅದು ಮತ್ತು ಅದಕ್ಕೆ ತಾಗಿ ಚಲಿಸುವ ಫಾಲೋವರ್‌ಗಳು ಸದ್ದಿಲ್ಲದೆ ಸವೆಯುತ್ತವೆ. ಎಂಜಿನ್ ಮೆಲ್ಲಗೆ ಮಂಕಾಗುತ್ತ ಹೋಗುತ್ತದೆ, ಓಡಿಸುವವನಿಗೆ ತಿಳಿಯುವುದೇ ಇಲ್ಲ. ಸತು ಹೆಚ್ಚಿರುವ, ಹಳೇ ಕಾರುಗಳಿಗೆಂದೇ ಬರುವ ಆಯಿಲ್ ಹಾಕಿ, ಬೇಗ ಬೇಗ ಬದಲಾಯಿಸಿ. ಎಂಜಿನ್ ಹೊರಗಿರುವಾಗಲೇ ಹೊಸ ಕ್ಯಾಮ್, ಹೊಸ ಟೈಮಿಂಗ್ ಚೈನ್ ಹಾಕಿಸಿಬಿಡಿ. ಆಯಿಲ್ ಫಿಲ್ಟರ್‌ಗೆ ಅದರ ಮೂಲ ಜಾಗದಲ್ಲಿ ಅವಕಾಶವಿಲ್ಲ. ಪೈಪ್ ಎಳೆದು ದೂರದಲ್ಲಿ ಕೂರಿಸಬೇಕಾಗುತ್ತದೆ.

ಬ್ರೇಕ್ ಬಗ್ಗೆ ವಾದವೇ ಬೇಡ. ಶಕ್ತಿ ಎರಡರಷ್ಟಾದ ಮೇಲೆ ಮುಂದಿನ ಡಿಸ್ಕ್, ಕ್ಯಾಲಿಪರ್ ದೊಡ್ಡದಾಗಲೇಬೇಕು. ಹಿಂದೆ ಡ್ರಮ್ಮೇ ಸಾಕು. ರಬ್ಬರ್ ಬಂಪರ್ ಕಾರುಗಳನ್ನು ಅಮೆರಿಕದ ಬಂಪರ್ ನಿಯಮಕ್ಕಾಗಿ ಸುಮಾರು ಒಂದೂವರೆ ಇಂಚು ಎತ್ತರಿಸಿದ್ದರು. ಅದನ್ನು ಇಳಿಸಿದರೆ ತಿರುವಿನಲ್ಲಿ ವಾಲುವುದು ಬಹಳ ಕಡಿಮೆಯಾಗುತ್ತದೆ. ಹಿಂದಿನ ಲೀಫ್ ಸ್ಪ್ರಿಂಗ್ ಮಾತ್ರ ಈಗಲೂ ತಲೆನೋವು. ನಿಂತಲ್ಲಿಂದ ಜೋರಾಗಿ ಹೊರಟರೆ ಸ್ಪ್ರಿಂಗ್ ತಿರುಚಿ ಆಕ್ಸಲ್ ಕುಣಿಯುತ್ತದೆ. ಮಳೆಯಲ್ಲಂತೂ ಎರಡನೇ ಗೇರ್‌ನಲ್ಲಿ ಕಾಲು ಸ್ವಲ್ಪ ಭಾರವಾದರೂ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಟ್ರ್ಯಾಕ್ಷನ್ ಕಂಟ್ರೋಲ್, ಎಬಿಎಸ್ ಯಾವುದೂ ಇಲ್ಲ ಅನ್ನುವುದು ಮರೆಯಬಾರದು. ಹೊಸ ಕಾರುಗಳನ್ನಷ್ಟೇ ಓಡಿಸಿ ಗೊತ್ತಿರುವ ಮಗನಿಗೋ ಅಳಿಯನಿಗೋ ಮಳೆಗಾಲದಲ್ಲಿ ಕೀ ಕೊಡಬೇಡಿ.

ಕಾಗದಪತ್ರ, ಇನ್ಶೂರೆನ್ಸ್ ವಿಚಾರ ಒಂದೊಂದು ಕಡೆ ಒಂದೊಂದು ಥರ. ಎಂಜಿನ್ ಇಳಿಸುವ ಮೊದಲೇ ವಿಚಾರಿಸಿ. ಹಳೇ ಎಂಜಿನ್ನನ್ನು ಮಾರಬೇಡಿ. ನಂಬರ್ ಹೊಂದುವ ಎಂಜಿನ್ ಜೊತೆಗಿದ್ದರೆ ಮುಂದೆ ಕೊಳ್ಳುವವನು ಬೇಕಾದರೆ ಮೂಲಕ್ಕೆ ಹಿಂತಿರುಗಿಸಬಹುದು. ನನ್ನದು ಎಣ್ಣೆ ಸವರಿ, ಪ್ಲಾಸ್ಟಿಕ್ ಸುತ್ತಿ ಶೆಡ್ಡಿನಲ್ಲಿದೆ. ಮನೆಯವರು ಅದನ್ನು ದಾಟಿಕೊಂಡು ಹೋಗುವಾಗಲೆಲ್ಲ ಏನಾದರೊಂದು ಅನ್ನುತ್ತಾರೆ.

ಬೇರೆ ಎಂಜಿನ್ ಹಾಕಬಹುದಿತ್ತಲ್ವಾ ಅಂದರೆ, ಹಾಕಬಹುದು. ಅಮೆರಿಕದವರು ಜಿಎಂ ಕಂಪನಿಯ 3.4 ಲೀಟರ್ ವಿ6 ಹಾಕುತ್ತಾರೆ, ಕೆಲವರು ಫೋರ್ಡ್ 302 ವಿ8 ಹಾಕುತ್ತಾರೆ. ಮಾಜ್ಡಾ ಎಂಎಕ್ಸ್-5 ಎಂಜಿನ್ ಹಾಕಿದವರೂ ಇದ್ದಾರೆ. ನಂಬಿಕೆ, ಮೈಲೇಜ್ ಎರಡರಲ್ಲೂ ಮಾಜ್ಡಾ ಮುಂದು, ಅದು ನಿಜ. ಆದರೆ ಅದು ಸುತ್ತಿಸಿ ಓಡಿಸಬೇಕಾದ ಎಂಜಿನ್, ನನಗೆ ಬೇಕಿದ್ದ ನಿರಾಳ ಅದರಲ್ಲಿಲ್ಲ. ಮೈಲೇಜ್ ಕೇಳುವವರು ವಿ8 ಕಡೆ ತಲೆ ಹಾಕಲೇಬೇಡಿ. ಎಂಜಿನ್ ಬದಲಾಯಿಸದೆ, ಇದ್ದ ನಾಲ್ಕು ಸಿಲಿಂಡರ್ ಅನ್ನೇ ಬೋರ್ ಮಾಡಿಸಿ, ಒಳ್ಳೆಯ ಹೆಡ್ ಹಾಕಿಸಿ, ಓವರ್‌ಡ್ರೈವ್ ಗೇರ್ ಬಾಕ್ಸ್ ಹುಡುಕಿಕೊಂಡರೂ ಬಹಳ ಜನರಿಗೆ ಸಾಕಾಗುತ್ತದೆ. ವಾರಕ್ಕೊಮ್ಮೆ ಊರೊಳಗೆ ಓಡಿಸುವವರಿಗೆ ನಾನು ಅದನ್ನೇ ಹೇಳುತ್ತೇನೆ.

ಎಂಜಿನ್‌ಗೆ ಒಂದು ಅಂಕ ಯಾಕೆ ಕಡಿಮೆ ಅಂದರೆ ಸೋರಿಕೆ. ಹಿಂದಿನ ಮೇನ್ ಸೀಲ್‌ನಿಂದ ಆಯಿಲ್ ಹನಿ, ವಾಲ್ವ್ ಕವರ್ ಗ್ಯಾಸ್ಕೆಟ್‌ನಿಂದ ಜಿನುಗು. ಒಂದು ಬಿಗಿ ಮಾಡಿದರೆ ಇನ್ನೊಂದು. ಸ್ಪೀಡೋಮೀಟರ್ ಕೆಲಸವೂ ಬಾಕಿ ಇದೆ. ಗೇರ್ ಬಾಕ್ಸೂ ಆಕ್ಸಲ್ಲೂ ಬದಲಾದ ಮೇಲೆ ಅದು ತೋರಿಸುವ ಅಂಕಿಗೂ ನಿಜವಾದ ವೇಗಕ್ಕೂ ಸಂಬಂಧವಿಲ್ಲ, ಬಿಚ್ಚಿ ಹೊಸ ಅನುಪಾತಕ್ಕೆ ಹೊಂದಿಸಬೇಕು. ಸದ್ಯಕ್ಕೆ ಡ್ಯಾಶ್‌ಬೋರ್ಡ್ ಮೇಲೆ ಫೋನ್ ಅಂಟಿಸಿ ಜಿಪಿಎಸ್ ನೋಡಿ ಓಡಿಸುತ್ತಿದ್ದೇನೆ.